ಪಕ್ಕದ ಟೇಬಲ್ಲಿನವರು

ಪುಣೆಯ ಕೋಥರೂಡಿನಲ್ಲಿ ನಮ್ಮ ಸೊಸೈಟಿಯ ಹಿಂದಿನ ಗಲ್ಲಿಗೆ ಆ ಕೆಫೆ ಬಂದದ್ದು ಗಣಪತಿ ಹಬ್ಬಕ್ಕೆ ಇನ್ನೂ ಮೂರು ವಾರ ಇದ್ದಾಗ. ಮೊದಲು ಅಲ್ಲಿ ಒಂದು ಇಸ್ತ್ರಿ ಅಂಗಡಿ ಇತ್ತು, ಅದಕ್ಕೆ ಹೊಂದಿಕೊಂಡು ಸೈಕಲ್ ರಿಪೇರಿಯವನ ಗೂಡು. ನಡುವಿನ ಗೋಡೆ ಒಡೆದು, ಮುಂದೆ ಗಾಜು ಕೂಡಿಸಿ, ಹೊರಗೆ ನಾಲ್ಕು ಕುಂಡ ಇಟ್ಟು, ಕೆಫೆ ಅಂದರು. ಇಸ್ತ್ರಿಯವನು ಈಗ ಎದುರಿನ ಮರದ ಕೆಳಗೆ ಗಾಡಿ ಹಾಕಿಕೊಂಡಿದ್ದಾನೆ. ಸೈಕಲ್‌ನವನು ಎಲ್ಲಿ ಹೋದನೋ ಗೊತ್ತಿಲ್ಲ.

ಹೊಸ ಕೆಫೆ ತೆರೆದರೆ ಮೊದಲ ತಿಂಗಳೊಳಗೆ ಹೋಗಿ ಬರಬೇಕು ಎಂಬುದು ನನ್ನದೂ ನನ್ನ ಗೆಳತಿಯದೂ ಕಾಲೇಜಿನಿಂದ ನಡೆದುಬಂದ ನಿಯಮ. ನಾನು ದಿನಚರಿ ಬರೆಯುವವಳು. ಮನಸ್ಸಿನಲ್ಲಿ ಏನಿತ್ತು ಎಂದು ಬರೆಯುವ ಅಭ್ಯಾಸವಿಲ್ಲ. ಏನಾಯಿತು, ಯಾವಾಗ ಆಯಿತು, ಎಷ್ಟು ಆಯಿತು, ಇಷ್ಟೇ. ಕೆಫೆಗಳಿಗೆ ಹಿಂದಿನ ಪುಟಗಳನ್ನು ಮೀಸಲಿಟ್ಟಿದ್ದೆ. ತಾರೀಖು, ತಿಂದದ್ದು, ಕುಡಿದದ್ದಕ್ಕೆ ಹತ್ತರಲ್ಲಿ ಎಷ್ಟು, ಕುರ್ಚಿಗೆ ಎಷ್ಟು, ಗದ್ದಲಕ್ಕೆ ಎಷ್ಟು ಕಳೆಯಬೇಕು. ಈ ಕೆಫೆ ಇಪ್ಪತ್ತಮೂರನೆಯದು. ಅವುಗಳಲ್ಲಿ ಹದಿನೆಂಟು ಅವಳ ಮದುವೆಗೆ ಮುಂಚಿನವು. ಮದುವೆಯಾದ ಒಂದೂವರೆ ವರ್ಷದಲ್ಲಿ ಇದನ್ನೂ ಸೇರಿಸಿ ಐದು. ನಮ್ಮಿಬ್ಬರ ನಡುವೆ ಏನು ಕಡಿಮೆಯಾಗುತ್ತ ಬಂದಿತ್ತು ಎನ್ನುವುದಕ್ಕೆ ಅಷ್ಟು ಲೆಕ್ಕ ಸಾಕು.

ಅವಳು ಮತ್ತು ನಾನು ಐದನೇ ಇಯತ್ತೆಯಿಂದ ಒಂದೇ ಬೆಂಚು, ಒಂದೇ ಬಿಲ್ಡಿಂಗು. ಅವರ ಮನೆಯವರು ಬೆಳಗಾವಿ ಕಡೆಯವರು, ನಾವು ಧಾರವಾಡದ ಕಡೆಯವರು. ಶಾಲೆಯಲ್ಲಿ ಮರಾಠಿ, ಮೆಟ್ಟಿಲ ಮೇಲೆ ಕನ್ನಡ. ಬೇರೆ ಗೆಳತಿಯರು ಬಂದರು, ಹೋದರು. ಹೇಳಬೇಕಾದದ್ದನ್ನು ಹೇಳಲು ನನಗೆ ಇದ್ದವಳು ಅವಳೊಬ್ಬಳೇ. ನಾನು ಈಗ ಬರೆಯುತ್ತಿರುವುದು ಅವಳು ನನಗೆ ಹೇಗೆ ಇಲ್ಲವಾದಳು ಎಂಬುದರ ಬಗ್ಗೆ.

ಈ ಕೆಫೆಗೂ ಎರಡು ವರ್ಷ ಹಿಂದಿನ ಒಂದು ಸಂಗತಿ ಹೇಳಬೇಕು. ನನ್ನನ್ನು ಮೊದಲ ಸಲ ನೋಡಲು ಬಂದಿದ್ದರು. ಪುಣೆಯಲ್ಲಿ ಹೆಣ್ಣು ನೋಡುವುದಕ್ಕೆ ಕಾಂದೇ ಪೋಹೆ ಎಂದೇ ಹೆಸರು, ಬಂದವರಿಗೆ ಈರುಳ್ಳಿ ಹಾಕಿದ ಅವಲಕ್ಕಿ ಕೊಡುತ್ತಾರೆಂದು. ನಮ್ಮ ಅವ್ವನೂ ಒಗ್ಗರಣೆ ಅವಲಕ್ಕಿಯನ್ನೇ ಮಾಡಿದಳು. ಏಳು ಜನ ಬಂದು, ಇಬ್ಬರು ಎರಡನೇ ಸಲ ಹಾಕಿಸಿಕೊಂಡು ತಿಂದು, ನನ್ನ ಕೈಯಲ್ಲಿ ಒಂದು ಕಾಗದದ ಮೇಲೆ ನನ್ನ ಹೆಸರು ಬರೆಸಿ ನೋಡಿ, ಎಂಟು ದಿನದ ನಂತರ ಫೋನ್ ಮಾಡಿದರು. "ಹುಡುಗಿ ಚೊಲೋ ಇದ್ದಾಳ್ರಿ, ಆದರ..." ಆ 'ಆದರ'ದ ಮುಂದಿನದನ್ನು ಅವ್ವ ನನಗೆ ಇವತ್ತಿನವರೆಗೂ ಹೇಳಿಲ್ಲ.

ಅವತ್ತು ನಾನು ಅವ್ವನ ಹತ್ತಿರ ಒಂದೇ ಮಾತು ತೆಗೆದುಕೊಂಡೆ. ನನ್ನನ್ನು ಕೇಳದೆ, ನನಗೆ ಗೊತ್ತಿಲ್ಲದೆ, ಇನ್ನು ಯಾರಿಗೂ ನನ್ನನ್ನು ತೋರಿಸಬಾರದು. ಮದುವೆ ಬೇಡ ಎನ್ನಲಿಲ್ಲ. ಕೇಳಿ ಎಂದೆ, ಅಷ್ಟೇ. ಅವ್ವ ದೇವರ ಮನೆಯ ಹೊಸ್ತಿಲ ಮೇಲೆ ಕುಳಿತು "ಆತವಾ" ಎಂದಳು. ಈ ಮಾತು ಗೊತ್ತಿದ್ದ ಇನ್ನೊಬ್ಬಳೆಂದರೆ ಗೆಳತಿ. ಗಚ್ಚಿಯ ಮೇಲೆ, ನೀರಿನ ಟಾಕಿಗೆ ಬೆನ್ನು ಕೊಟ್ಟು ಕುಳಿತು, ನನಗಿಂತ ಹೆಚ್ಚು ಅವಳೇ ಅತ್ತಳು. "ನಿನ್ನ ಕೇಳದ ಯಾರರ ಬಂದ್ರ ನಾ ಅವರ ಚಪ್ಪಲ್ ಒಯ್ದು ಕಸದಾಗ ಒಗಿತೀನಿ" ಎಂದಳು.

ಕೆಫೆಗೆ ಹೋಗುವ ಹಿಂದಿನ ದಿನ, ಶನಿವಾರ, ಅವಳ ಫೋನು ಬಂತು.

"ನಾಳೆ ಹೊಸಾದಕ್ಕ ಹೋಗೂಣು. ಐದಕ್ಕ. ಆ ಹಸರ ಕುರ್ತಾ ಹಾಕ್ಕೊಂಡ ಬಾ."

"ಯಾಕ, ಅಲ್ಲೆ ಕುರ್ತಾ ನೋಡಿ ಒಳಗ ಬಿಡ್ತಾರೇನ?"

"ಫೋಟೋ ತಗೋಳೂಣಲೇ. ಎಷ್ಟ ದಿನಾ ಆತು."

ಯಾವಾಗಲೂ ಅರ್ಧ ತಾಸು ತಡವಾಗಿ ಬರುವವಳು ಅವತ್ತು ನನಗಿಂತ ಮುಂಚೆ ಬಂದು ಕುಳಿತಿದ್ದಳು. ಹಿಡಿದಿಟ್ಟಿದ್ದದ್ದು ನಟ್ಟನಡುವಿನ ಟೇಬಲ್ಲು, ಮೇಲೆ ದೊಡ್ಡ ದೀಪ. ನಾನು ಗೋಡೆ ಬದಿಯ ಜಾಗ ತೋರಿಸಿದೆ. "ಅಲ್ಲೆ ಫ್ಯಾನ್ ಇಲ್ಲ" ಎಂದಳು. ಫ್ಯಾನು ಇತ್ತು, ತಿರುಗುತ್ತಲೂ ಇತ್ತು. ಅತ್ತೆಮನೆಯಲ್ಲಿ ದಿನವೆಲ್ಲ ಬೇರೆಯವರು ಹೇಳಿದಲ್ಲಿ ಕೂಡುವವಳು, ಇಲ್ಲಾದರೂ ತನಗೆ ಬೇಕಾದಲ್ಲಿ ಕೂಡಲಿ ಎಂದು ಎದುರಿನ ಕುರ್ಚಿ ಎಳೆದುಕೊಂಡೆ.

ಪಕ್ಕದ ಟೇಬಲ್ಲಿನಲ್ಲಿ ಮೂವರಿದ್ದರು. ನಮ್ಮ ಅವ್ವನ ವಯಸ್ಸಿನ ಒಬ್ಬ ಹೆಂಗಸು, ಬಾದಾಮಿ ಬಣ್ಣದ ಸೀರೆ. ಮೆನು ಕಾರ್ಡನ್ನು ಹಿಂದೆ ಮುಂದೆ ತಿರುವಿ ಓದುತ್ತಿದ್ದ ಒಬ್ಬ ಗಂಡಸು. ನನ್ನ ವಯಸ್ಸಿನ ಒಬ್ಬ ಹುಡುಗ, ಬಿಳಿ ಶರ್ಟು, ಮೊಬೈಲಿನಲ್ಲಿ ಕಣ್ಣು. ಮಾಣಿಯ ಜೊತೆ ಮರಾಠಿಯಲ್ಲಿ ಮಾತಾಡಿ ಎರಡು ಚಹಾ, ಒಂದು ಸ್ಯಾಂಡ್‌ವಿಚ್ ತರಿಸಿಕೊಂಡಿದ್ದರು. ತಮ್ಮತಮ್ಮಲ್ಲಿ ಒಂದು ಮಾತೂ ಇಲ್ಲ.

ನಾನು ಕನ್ನಡದಲ್ಲಿ ಗೆಳತಿಗೆ ಹೇಳಿದೆ, "ಪಾಪ, ಮನ್ಯಾಗ ಜಗಳಾ ಮಾಡಿ ಬಂದಾರ ನೋಡು. ಆ ಸ್ಯಾಂಡ್‌ವಿಚ್ಚಿಗೆ ಸೂತಕ ಅಂಟಿದ್ಹಂಗ ಕುಂತಾರ."

ಟೇಬಲ್ಲಿನ ಕೆಳಗೆ ಅವಳು ನನ್ನ ಕಾಲು ಒದ್ದಳು. ನಾನು ನಕ್ಕೆ. ಪುಣೆಯ ಹೋಟೆಲುಗಳಲ್ಲಿ ಕನ್ನಡ ನಮ್ಮಿಬ್ಬರ ಸ್ವಂತ ಆಸ್ತಿ ಎಂದು ಹತ್ತು ವರ್ಷದಿಂದ ನಂಬಿದ್ದೆ.

ಫಿಲ್ಟರ್ ಕಾಫಿ ಬಂತು, ಹಿತ್ತಾಳೆಯ ಲೋಟ, ಬಟ್ಟಲು ಎಲ್ಲ ಸರಿ. ಕಾಫಿ ಮಾತ್ರ ತಣ್ಣಗಿತ್ತು. ನಾನು ಮಾಣಿಯನ್ನು ಕರೆದು, ಬಿಸಿ ಮಾಡಿಕೊಂಡು ಬಾ ಎಂದು ಮರಾಠಿಯಲ್ಲಿ ಮರ್ಯಾದೆಯಿಂದಲೇ ಹೇಳಿ ವಾಪಸು ಕಳಿಸಿದೆ.

"ಇರ್ಲಿ ಬಿಡು, ಕುಡದ್ರಾತಿತ್ತು" ಎಂದಳು ಗೆಳತಿ, ಸಣ್ಣ ದನಿಯಲ್ಲಿ.

"ಯಾಕ ಕುಡೀಬೇಕು? ಕಾಫಿಗೆ ನಾಕ ಅಂಕಾ. ಆ ನಾಕೂ ಲೋಟಕ್ಕ."

ಅವಳು ನಗಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಇದ್ದಕ್ಕಿದ್ದಂತೆ, ಬೇಕಾದದ್ದಕ್ಕಿಂತ ದೊಡ್ಡ ದನಿಯಲ್ಲಿ ಕೇಳಿದಳು, "ಅಲ್ಲ, ನಿನಗ ಕಡಬು ಭಾಳ ಛಂದ ಬರ್ತಾವಲ್ಲ?"

"ನನಗ? ಯಾವಾಗಿಂದ? ಹೋದ ಪಂಚಮಿಗೆ ಮಾಡಿದ್ದು ನೆನಪಿಲ್ಲೇನ? ಕುದಿಯೂದ್ರಾಗ ಹೂರಣಾ ಒಂದ ಕಡೆ, ಕಡಬು ಒಂದ ಕಡೆ ಈಜಾಡಾಕತ್ತಿದ್ವು. ಅವ್ವ ಅದನ್ನ ಪಾಯಸಾ ಅಂತ ಬಡಿಸಿದ್ಲು."

ನಾನು ಜೋರಾಗಿ ನಕ್ಕೆ. ಅವಳು ಮುಂದುವರಿಸಿದಳು, ಪಾಠ ಒಪ್ಪಿಸುವವಳ ಹಾಗೆ.

"ನಿಮ್ಮ ಕಂಪನೀದಾಗ ರಾತ್ರಿ ಪಾಳಿ ಇಲ್ಲಲ್ಲಾ. ಸಂಜಿಕೆ ಆರಕ್ಕ ಮನ್ಯಾಗ ಇರ್ತೀ ಹೌದಿಲ್ಲೋ?"

"ಏನಲೇ, ಪೊಲೀಸ್ ಕೆಲಸಾ ಸಿಕ್ಕೇತೇನ ನಿನಗ? ಆಡಿಟ್ ಇದ್ದಾಗ ಚಿಂಚವಾಡದಿಂದ ಹೊರಡೂದ ಎಂಟಕ್ಕ. ನಿನಗೊತ್ತಿಲ್ಲೇನ?"

"ಲಗ್ನಾದ ಮ್ಯಾಲ ಬೇಕಾದ್ರ ಮನೀ ಹತ್ರ ಯಾವದರ ನೋಡಬಹುದು."

"ಯಾರ ಲಗ್ನ? ಕಡಬಿನದ?"

ಅವಳು ಲೋಟದಲ್ಲಿ ಚಮಚ ಹಾಕಿ ತಿರುವತೊಡಗಿದಳು. ಒಳಗೆ ಕಾಫಿ ಮುಗಿದಿತ್ತು.

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಹೆಂಗಸು ಎದ್ದು ನನ್ನ ಬಳಿ ಬಂದು, "ಬಾಳ, ಹಾತ್ ಧುವಾಯಚೀ ಜಾಗಾ ಕುಠೇ ಆಹೇ ಗ?" ಎಂದು ಕೇಳಿದರು. ಕೈ ತೊಳೆಯುವ ಜಾಗ ಹಿಂದೆ, ಓಣಿಯಂಥ ಸಂದಿಯಲ್ಲಿ ಎರಡು ಮೆಟ್ಟಿಲ ಮೇಲಿತ್ತು. ಬಾಯಿಂದ ಹೇಳಬಹುದಿತ್ತು. ಆದರೆ ದೊಡ್ಡವರು, ಮೆಟ್ಟಿಲು ಕಾಣಲಿಕ್ಕಿಲ್ಲ ಎಂದು ನಾನೇ ಎದ್ದು ಕರೆದುಕೊಂಡು ಹೋದೆ. ಅವರು ನನ್ನಿಂದ ಒಂದು ಹೆಜ್ಜೆ ಹಿಂದೆಯೇ ನಡೆದರು. ನಾನು ನಿಧಾನ ಮಾಡಿದರೆ ಅವರೂ ನಿಧಾನ ಮಾಡಿದರು. ನಲ್ಲಿಯ ಹತ್ತಿರ ಕನ್ನಡಿ. ಕೈ ತೊಳೆಯುತ್ತ ಅವರು ಕನ್ನಡಿ ನೋಡಿದರು, ತಮ್ಮ ಮುಖವನ್ನಲ್ಲ.

"ಉಂಚ ಆಹೇಸ ಹಂ ತೂ" ಎಂದರು. ಎತ್ತರ ಇದ್ದೀಯಲ್ಲ ಎಂದು.

ನಾನು ಅದನ್ನು ಮೆಚ್ಚುಗೆ ಎಂದುಕೊಂಡು, ಮುಗುಳ್ನಕ್ಕು, ಕೈ ಒರೆಸಿಕೊಳ್ಳಲು ಕಾಗದ ಎಳೆದುಕೊಟ್ಟೆ.

ಆ ಮೂವರೂ ನಮಗಿಂತ ಮೊದಲು ಎದ್ದು ಹೋದರು. ಆಮೇಲೆ ಗೆಳತಿಗೆ ಜೀವ ಬಂದ ಹಾಗಾಯಿತು. ಒಂದು ಕೇಕ್ ತರಿಸಿದಳು, ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು, ಹಳೆಯ ಮಾಸ್ತರರ ನಡಿಗೆ ಮಾಡಿ ತೋರಿಸಿದಳು, ಏಳೂವರೆಯವರೆಗೆ ಕುಳಿತಳು. ಮದುವೆಯಾದ ಮೇಲೆ ಅಷ್ಟು ಹೊತ್ತು ನನ್ನ ಜೊತೆ ಕುಳಿತದ್ದು ಅದೇ ಮೊದಲು. ಅಂದು ಮನೆಗೆ ಬಂದು ಕಾಫಿಗೆ ನಾಲ್ಕು, ಕುರ್ಚಿಗೆ ಏಳು, ಗದ್ದಲಕ್ಕೆ ಏನೂ ಕಳೆಯಬೇಕಿಲ್ಲ ಎಂದು ಬರೆದೆ. ಮನಸ್ಸಿನದ್ದನ್ನು ಬರೆಯದವಳು ಒಂದು ಸಾಲು ಹೆಚ್ಚು ಬರೆದೆ: ಇವತ್ತು ಅವಳು ಮೊದಲಿನ ಹಾಗೆಯೇ ಇದ್ದಳು.

ಗುರುವಾರ ಬೆಳಗ್ಗೆ ಕಂಪನಿ ಬಸ್ಸಿಗೆ ಹೊರಟಿದ್ದೆ. ಅವ್ವ ಡಬ್ಬಿಗೆ ಚಪಾತಿ ತುಂಬುತ್ತ, ನನ್ನ ಕಡೆ ನೋಡದೆ, "ಹೊರಗ ಹೋದಲ್ಲೆ ತಂದಿಟ್ಟಿದ್ದನ್ನ ಹೊಳ್ಳಿ ಕಳಸೂದು ಚೊಲೋ ಅಲ್ಲವಾ. ಮಂದಿ ನೋಡ್ತಿರ್ತಾರ" ಎಂದಳು.

"ನಾ ಏನ ಹೊಳ್ಳಿ ಕಳಿಸೀನಿ?"

"ಅದ... ಕಾಫಿ."

ನಾನು ಒಂದು ಕಾಲಿಗೆ ಬೂಟು ಹಾಕಿದ್ದೆ. ಇನ್ನೊಂದು ಕೈಯಲ್ಲಿತ್ತು. ಕಾಫಿಯ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ನಿನಗ ಯಾರ ಹೇಳಿದ್ರು?"

ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲವೆಂದೇ ಅವಳು ಬಹಳ ವಿಷಯ ಮಾತಾಡುವುದೇ ಇಲ್ಲ. ಡಬ್ಬಿಯ ಮುಚ್ಚಳವನ್ನು ಎರಡು ಸಲ ಹಾಕಿ ಎರಡು ಸಲ ತೆಗೆದಳು. ಬಸ್ಸು ಹೋಯಿತು. ನಿಧಾನಕ್ಕೆ ಎಲ್ಲ ಹೊರಬಂತು. ಪಕ್ಕದ ಟೇಬಲ್ಲಿನ ಹೆಂಗಸು ನನ್ನ ಗೆಳತಿಯ ಅತ್ತೆಯ ತಂಗಿ, ಬೆಳಗಾವಿಯವರು. ಜೊತೆಗಿದ್ದವರು ಅವರ ಗಂಡ ಮತ್ತು ಮಗ. ಹುಡುಗನಿಗೆ ಚಿಂಚವಾಡದಲ್ಲೇ ಕೆಲಸ. ಗೆಳತಿಯ ಮದುವೆಯಲ್ಲಿ ನಾನು ಇಡೀ ದಿನ ಮದುಮಗಳ ಕೋಣೆಯಲ್ಲಿ ಅವಳ ಸೆರಗಿಗೆ ಪಿನ್ನು ಚುಚ್ಚುತ್ತ ಕುಳಿತಿದ್ದೆ. ಗಂಡಿನ ಕಡೆಯವರ ಮುಖ ನನಗೆ ಗೊತ್ತಿರಲಿಲ್ಲ.

"ನೀ ಮಾತ ಕೊಟ್ಟಿದ್ದಿ" ಎಂದೆ.

"ತೋರಸೂದಿಲ್ಲ ಅಂತ ಕೊಟ್ಟಿದ್ನಿ. ನಾ ಎಲ್ಲಿ ತೋರಿಸ್ದೆ? ಅವರ ಬಂದು ನೋಡಿ ಹೋದ್ರು. ನಿನಗ ಅವಲಕ್ಕಿ ಹಿಡ್ಕೊಂಡ ಬಾ ಅಂದ್ನೇನ? ಸೀರಿ ಉಟ್ಕೋ ಅಂದ್ನೇನ?" ಆಮೇಲೆ ದನಿ ತಗ್ಗಿಸಿ, ಇದರಲ್ಲಿ ನನಗೇ ಅನುಕೂಲವಿತ್ತು ಎಂಬಂತೆ ವಿವರಿಸಿದಳು. ಅವ್ವನನ್ನೂ ಹೀಗೆಯೇ ನೋಡಿದ್ದರಂತೆ, ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ. ಹಿಂದೆಲ್ಲ ತಿಳಿದ ಮನೆತನದವರು ಮೊದಲು ಹೀಗೆ ದೂರದಿಂದ ನೋಡಿಕೊಂಡು ಹೋಗುತ್ತಿದ್ದರು. ಒಪ್ಪಿದರೆ ಮನೆಗೆ ಬರುತ್ತಿದ್ದರು. ಒಪ್ಪದಿದ್ದರೆ ಹುಡುಗಿಗೆ ಗೊತ್ತೇ ಆಗುತ್ತಿರಲಿಲ್ಲ. "ಅದು ಹುಡುಗೀ ಮರ್ಯಾದಿ ಕಾಯೂ ರೀತಿವಾ. ಆ ಸಲ ನೀ ಎಷ್ಟ ಅತ್ತಿ, ನೋಡಿಲ್ಲೇನ ನಾ? ಅದಕ್ಕ ನಿನ್ನ ಗೆಳತಿ ಬಂದು ಹಿಂಗ ಮಾಡೂಣೇನ್ರಿ ಅಂದಾಗ ನಾ ಹೂಂ ಅಂದೆ."

ಗೊತ್ತಾಗಬಾರದ್ದು ನನಗೆ ಗೊತ್ತಾಗಿತ್ತು. ಹಾಗಾದರೆ ಉತ್ತರವೂ ಬಂದಿರಬೇಕು.

"ಏನಂದ್ರು?"

ಅವ್ವ ಒಲೆ ಒರೆಸಿದಳು. "ಎತ್ತರ ಆತಂತ."

"ಮತ್ತ?"

"ಮತ್ತ ಏನಿಲ್ಲ."

"ಅವ್ವಾ."

"ಬಾಯಿ ಸ್ವಲ್ಪ ಜೋರ ಅಂದ್ರಂತ. ಸೂತಕಾ ಅಂತ ಏನೋ ಅಂದ್ಯಂತಲ್ಲ ನೀ."

ಅವರು ಕನ್ನಡದವರು ಎಂಬುದು ಆಗ ನನ್ನ ತಲೆಗೆ ಬಂತು. ನನ್ನ ಕಡಬಿನ ಕಥೆ, ಲೋಟಕ್ಕೆ ನಾಲ್ಕು ಅಂಕ, ಆಡಿಟ್ಟು, ಎಲ್ಲವನ್ನೂ ಮೂರು ಜನ ಉತ್ತರಪತ್ರಿಕೆ ಎಂದು ಕೇಳಿಸಿಕೊಂಡಿದ್ದರು. ಕೈ ತೊಳೆಯಲು ಹೋದದ್ದು ನನ್ನ ಕಾಲು ಸರಿ ಇವೆಯೇ ಎಂದು ನೋಡಲಿಕ್ಕೆ. ನಾನು ಕಾಫಿಗೆ ಅಂಕ ಕೊಡುತ್ತ ಕುಳಿತಿದ್ದಾಗ ಆಚೆ ಟೇಬಲ್ಲಿನಲ್ಲಿ ನನಗೂ ಅಂಕ ಬೀಳುತ್ತಿದ್ದವು. ಕಾಫಿಗಾದರೂ ನಾನು ಬಿಸಿ ಮಾಡಿಕೊಂಡು ಬಾ ಎಂದು ಇನ್ನೊಂದು ಅವಕಾಶ ಕೊಟ್ಟಿದ್ದೆ.

ಅವತ್ತು ಕೆಲಸಕ್ಕೆ ರಜೆ ಹಾಕಿದೆ. ಸಂಜೆ ಗೆಳತಿಯ ಅತ್ತೆಮನೆಯ ಬಿಲ್ಡಿಂಗಿಗೆ ಹೋಗಿ ಕೆಳಗಿನಿಂದ ಫೋನ್ ಮಾಡಿದೆ. ಕಾಯಿಪಲ್ಲೆ ತರುವ ನೆಪದಲ್ಲಿ ಚೀಲ ಹಿಡಿದುಕೊಂಡು ಬಂದಳು. ಪಾರ್ಕಿಂಗಿನಲ್ಲಿ ಸ್ಕೂಟರುಗಳ ನಡುವೆ ನಿಂತೆವು. ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

"ಮೊದಲ ಹೇಳಿದ್ರ ನೀ ಬರ್ತಿದ್ದಿಲ್ಲ" ಎಂದಳು.

"ಹೌದು, ಬರ್ತಿದ್ದಿಲ್ಲ. ಅದಕ್ಕ ಹೇಳಬೇಕಾಗಿತ್ತು."

"ಹುಡುಗ ಖರೇನ ಚೊಲೋ ಅದಾನ. ಯಾವ ಚಟಾ ಇಲ್ಲ. ನಮ್ಮ ಮ್ಯಾಲಿನ ಮಜಲೇಕ ಫ್ಲ್ಯಾಟ್ ನೋಡ್ಯಾರ. ನಾವಿಬ್ಬರೂ ನೆಗೆಣ್ಣೇರಾಗ್ತಿದ್ವಿ. ದಿನಾ ಮಾತಾಡಬಹುದಿತ್ತು. ಮುಂಜಾನಿಂದ ಸಂಜಿತನಾ ನಾ ಯಾರ ಜೋಡಿ ಮಾತಾಡ್ತೀನಿ ಗೊತ್ತೈತೇನ ನಿನಗ? ಕುಕ್ಕರ್ ಜೋಡಿ. ಅದಾದ್ರೂ ಹೊಳ್ಳಿ ಸೀಟಿ ಹೊಡಿತದ."

ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದೆ. "ನಿನಗ ಜೋಡಿ ಬೇಕಾಗಿತ್ತು ಅಂತ ನನ್ನ ದೀಪದ ಕೆಳಗ ಕುಂಡ್ರಿಸಿದಿ" ಎಂದೆ.

ಆಗ ಅವಳಿಗೆ ಸಿಟ್ಟು ಬಂತು. ಅವಳು ಕ್ಷಮೆ ಕೇಳುತ್ತಾಳೆ ಎಂದುಕೊಂಡು ಬಂದಿದ್ದ ನನಗೆ ಅದು ಅನಿರೀಕ್ಷಿತ.

"ಒಂದ ತಾಸು. ಒಂದ ತಾಸು ಸುಮ್ಮ ಕುಂಡ್ರಾಕ ಆಗಲಿಲ್ಲ ನಿನಗ! ಕಾಲ ಒದ್ದೆ, ಕಣ್ಣ ಮಾಡಿದೆ. ಕಡಬು ಬರ್ತಾವಲ್ಲ ಅಂದ್ರ ಹೂಂ ಅನ್ನಾಕ ಏನ ಆಗಿತ್ತು? ಅವರ ಮುಂದ ನಾ ನಿನ್ನ ಎಷ್ಟ ಹೊಗಳಿದ್ದೆ. ಈಗ ನಮ್ಮತ್ತಿ ದಿನಾ ಅಂತಾರ, ನಿನ್ನ ಗೆಳತಿ ಅಂದ್ರ ನಿನ್ಹಂಗ ಇರ್ತಾಳ ಬಿಡು ಅಂತ."

"ಪರೀಕ್ಷಾ ಅದ ಅಂತ ಹೇಳಲಿಲ್ಲ. ನಾಪಾಸ ಆದಿ ಅಂತ ಬೈಯಾಕತ್ತೀದಿ."

ಅವಳು ಚೀಲವನ್ನು ಮುಷ್ಟಿಯಲ್ಲಿ ಸುತ್ತಿದಳು. ಆಮೇಲೆ ತಣ್ಣಗೆ ಕೇಳಿದಳು, "ಖರೇ ಹೇಳು. ನಿನಗ ಸಿಟ್ಟ ಬಂದಿದ್ದು ನಾ ಹೇಳ್ಲಿಲ್ಲ ಅಂತೋ, ಅವರು ಒಲ್ಲೆ ಅಂದ್ರಂತೋ?"

ಆ ಹುಡುಗನ ಮುಖವೂ ನನಗೆ ಸರಿಯಾಗಿ ನೆನಪಿರಲಿಲ್ಲ, ಬಿಳಿ ಶರ್ಟು ಬಿಟ್ಟರೆ. ಅವನು ಬೇಕೆಂದು ನಾನು ಒಂದು ಕ್ಷಣವೂ ಅಂದುಕೊಂಡವಳಲ್ಲ. ಆದರೂ ಬೆಳಗ್ಗೆಯಿಂದ ಕನ್ನಡಿಯ ಮುಂದೆ ಮೂರು ಸಲ ಹೋಗಿ ಭುಜ ಇಳಿಬಿಟ್ಟು, ಸ್ವಲ್ಪ ಗಿಡ್ಡ ಕಾಣುತ್ತೇನೆಯೇ ಎಂದು ನೋಡಿದ್ದೆ. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕುಳಿತವಳಿಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಬಗ್ಗೆ ಅಷ್ಟು ತಿಳಿದವಳು ಆ ತಿಳಿವಳಿಕೆಯನ್ನು ಹೀಗೆ ಬಳಸಿದಳಲ್ಲ ಎಂಬುದನ್ನು ಮಾತ್ರ ನನಗೆ ಇವತ್ತಿಗೂ ನುಂಗಲಾಗಿಲ್ಲ.

ಮೇಲಿನ ಬಾಲ್ಕನಿಯಿಂದ ಅವಳ ಅತ್ತೆ ಕೂಗಿದರು, "ಕೋತಂಬ್ರಿ ಸಿಕ್ತೇನ?"

"ಬಂದೆ ರೀ" ಎಂದು ಅವಳು ಖಾಲಿ ಚೀಲ ಹಿಡಿದು ಗೇಟಿನ ಕಡೆ ನಡೆದಳು. ನಾನು ಅವಳ ಹಿಂದೆ ಹೋಗಲಿಲ್ಲ.

ಗಣಪತಿ ಹಬ್ಬ ಬಂದು ಹೋಯಿತು, ದೀಪಾವಳಿ ಆಯಿತು. ಅವಳು ಫರಾಳದ ತಿಂಡಿಗಳ ಫೋಟೋ ಕಳಿಸಿದಳು, ನಾನು ಕೈ ಮುಗಿದ ಚಿತ್ರ ಕಳಿಸಿದೆ. ಕೆಫೆಯ ಪುಟಗಳಲ್ಲಿ ಇಪ್ಪತ್ತನಾಲ್ಕನೆಯದು ಬರಲಿಲ್ಲ. ಅವ್ವ ಎರಡು ಮೂರು ಸಲ "ಅಕಿ ಯಾಕ ಬರವಲ್ಲಳು?" ಎಂದು, ತನಗೇನೂ ಗೊತ್ತಿಲ್ಲದವಳಂತೆ ಕೇಳಿದಳು. ಎಲ್ಲಿ ಕುಳಿತರೂ ಸುತ್ತಲಿನ ಮೇಜುಗಳಲ್ಲಿ ಯಾರಿದ್ದಾರೆ ಎಂದು ನೋಡುವ ಚಟ ನನಗೆ ಅಂಟಿತು. ಕಂಪನಿಯ ಕ್ಯಾಂಟೀನಿನಲ್ಲೂ.

ತುಳಸಿ ಲಗ್ನ ಮುಗಿದ ಮೇಲಿನ ಮೊದಲ ಮುಹೂರ್ತಗಳಲ್ಲೇ ಆ ಹುಡುಗನ ಮದುವೆ ಗೊತ್ತಾಯಿತು. ಮಂಗಲ ಕಾರ್ಯಾಲಯ ಕೋಥರೂಡಿನಲ್ಲೇ. ಗೆಳತಿಯ ಅತ್ತೆಮನೆಯಿಂದ ಅವ್ವನಿಗೂ ಅಪ್ಪನಿಗೂ ಆಮಂತ್ರಣ ಬಂತು. ಗೆಳತಿ ನನಗೆ ಬೇರೆ ಫೋನ್ ಮಾಡಿದಳು. "ಬಾ. ನೀ ಬರಲಿಲ್ಲಂದ್ರ ಮಂದಿ ಏನರ ತಿಳ್ಕೋತಾರ." ಯಾವ ಮಂದಿ, ಏನು ತಿಳಿದುಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ಅವಳ ದನಿ ಕೇಳಿ ಮೂರು ತಿಂಗಳಾಗಿತ್ತು. ಹೋದೆ.

ಮದುಮಗಳು ನನ್ನ ಭುಜದವರೆಗೆ ಬರುವಷ್ಟು ಎತ್ತರ, ದುಂಡು ಮುಖ, ಕಣ್ಣು ತುಂಬ ನಗು. ಅಕ್ಷತೆ ಹಾಕುವಾಗ ಅವಳನ್ನು ನಾನೂ ಅಡಿಯಿಂದ ಮುಡಿಯವರೆಗೆ ನೋಡಿದೆ. ಗೆಳತಿ ಹೊಸ ಸೀರೆಯಲ್ಲಿ ಅವಳ ಪಕ್ಕ ನಿಂತು, ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದಳು. ನನ್ನನ್ನು ಕಂಡು ದೂರದಿಂದ ಕೈ ಮಾಡಿದಳು.

ಊಟಕ್ಕೆ ಸಾಲಿನಲ್ಲಿ ಕುಳಿತೆವು, ಅವ್ವ ನನ್ನ ಬಲಕ್ಕೆ. ಹುಡುಗನ ತಾಯಿ ಪಂಕ್ತಿ ವಿಚಾರಿಸುತ್ತ ಬಂದರು, ಈ ಸಲ ಕನ್ನಡದಲ್ಲಿ. ಅವರ ಹಿಂದೆ ಗೆಳತಿ ತುಪ್ಪದ ಪಾತ್ರೆ ಹಿಡಿದು ಬರುತ್ತಿದ್ದಳು. ನನ್ನ ಎಲೆಯ ಮುಂದೆ ಅವರು ನಿಂತರು. ಏನನ್ನುತ್ತಾರೆ, ನಾನು ಏನನ್ನಬೇಕು ಎಂದು ಎರಡು ರಾತ್ರಿಯಿಂದ ಯೋಚಿಸಿದ್ದೆ.

"ಯಾಕ ತಂಗಿ, ಏನೂ ಉಂಡೇ ಇಲ್ಲಲ್ಲ. ಇನ್ನೊಂದ ಹೋಳಿಗಿ ಹಾಕಸ್ಕೋ" ಎಂದರು. ಬಗ್ಗಿ ಮುಖ ನೋಡಿದರು. ಅವ್ವನ ಕಡೆಗೂ ಒಮ್ಮೆ ನೋಡಿದರು. "ನೀ ಯಾರ ಪೈಕಿ?"

ಅವರು ನಾಟಕ ಮಾಡುತ್ತಿರಲಿಲ್ಲ. ನನಗೆ ಅದು ಸ್ಪಷ್ಟವಾಗಿ ಕಂಡಿತು. ಎಷ್ಟು ಹುಡುಗಿಯರನ್ನು, ಎಷ್ಟು ಕೆಫೆಗಳಲ್ಲಿ, ಎಷ್ಟು ಗುಡಿಗಳಲ್ಲಿ ನೋಡಿದ್ದರೋ. ಅವರಿಗೆ ನಾನು ನೆನಪೇ ಇರಲಿಲ್ಲ.

ನಾನು ತಲೆ ಎತ್ತಿ ಗೆಳತಿಯ ಕಡೆ ನೋಡಿದೆ. ಉತ್ತರ ಅವಳೇ ಕೊಡಲಿ ಎಂದು. ಅವಳ ಗೆಳತಿ ಎಂದು ಹೇಳಿದರೆ ಸಾಕಿತ್ತು, ನನಗೆ ಬೇರೇನೂ ಬೇಕಿರಲಿಲ್ಲ. ಅವಳು ಆ ಹೆಂಗಸಿನ ಮುಖ ನೋಡಿದಳು, ಆಮೇಲೆ ಪಾತ್ರೆಯನ್ನು.

"ನಮ್ಮ ಅವ್ವನ ಬಿಲ್ಡಿಂಗಿನವರು ರೀ ಮಾವಶಿ" ಎಂದಳು.

"ಹೌದಾ? ಉಣ್ಣವಾ, ನಾಚ್ಕೋಬ್ಯಾಡ" ಎಂದು ಅವರು ಮುಂದೆ ಹೋದರು.

ಅವ್ವ ನನ್ನ ಮೊಣಕೈ ಮುಟ್ಟಿದಳು. ನಾನು ಅನ್ನದಲ್ಲಿ ಗುಂಡಿ ಮಾಡಿದೆ. ಗೆಳತಿ ಬಗ್ಗಿ ತುಪ್ಪ ಸುರಿದಳು, ಒಂದು ಚಮಚ, ಇನ್ನೊಂದು ಚಮಚ, ಎಲ್ಲರಿಗೂ ಹಾಕಿದಷ್ಟೇ.

"ಸಾಕೇನ್ರಿ?" ಎಂದಳು.

"ಸಾಕ್ರಿ" ಎಂದೆ. ಅವಳು ಮುಂದಿನ ಎಲೆಗೆ ಹೋದಳು.